ರಿಮೋಟಿಗೆ ನಿವೃತ್ತಿ ಕೊಟ್ಟ ಪ್ರಸಂಗ

ಇನ್ನು ಮುಂದೆ ಈ ಮನೆಯಲ್ಲಿ ಯಾರೂ ರಿಮೋಟ್ ಹುಡುಕಬೇಕಾಗಿಲ್ಲ ಎಂದು ಒಂದು ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ನಿಂತು ನಾನು ಘೋಷಿಸಿದೆ. ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಟ್ಯಾಬ್, ಧ್ವನಿಯಲ್ಲಿ ಗಾಂಭೀರ್ಯ! ಸಭಿಕರು ಮಾತ್ರ ಇಬ್ಬರೇ. ನನ್ನ ಹೆಂಡತಿ ಮತ್ತು ಅವಳ ತಾಯಿ, ಅಂದರೆ ನನ್ನ ಅತ್ತೆ. ಅವರಿಬ್ಬರೂ ಆಗ ಸೋಫಾದ ದಿಂಬುಗಳನ್ನೆತ್ತಿ ರಿಮೋಟನ್ನೇ ಹುಡುಕುತ್ತಿದ್ದರು.

ನಮ್ಮ ಮನೆಯ ರಿಮೋಟಿಗೆ ಕಾಲಿದೆಯೆಂದು ನನಗೆ ಮೊದಲಿನಿಂದಲೂ ಅನುಮಾನ. ಅದು ಇಸ್ತ್ರಿ ಬಟ್ಟೆಗಳ ನಡುವೆ ಸಿಕ್ಕಿದೆ, ಫ್ರಿಜ್ಜಿನೊಳಗೆ ಸಿಕ್ಕಿದೆ, ಒಮ್ಮೆ ಅತ್ತೆಯವರ ಕನ್ನಡಕದ ಡಬ್ಬಿಯಲ್ಲೂ ಸಿಕ್ಕಿದೆ. ಆಗ ಕನ್ನಡಕ ಎಲ್ಲಿತ್ತೆಂದು ದಯವಿಟ್ಟು ಕೇಳಬೇಡಿ. ದಿನಕ್ಕೆ ಇಪ್ಪತ್ತು ನಿಮಿಷದ ಹುಡುಕಾಟವೆಂದರೆ ವರ್ಷಕ್ಕೆ ಐದು ಹಗಲು, ಐದು ರಾತ್ರಿ! ಈ ಲೆಕ್ಕವನ್ನು ಸಭೆಯ ಮುಂದಿಟ್ಟಾಗ ಅತ್ತೆ, ಲೆಕ್ಕ ಹಾಕುವ ಹೊತ್ತಿನಲ್ಲಿ ನೀವೂ ಒಂದು ದಿಂಬು ಎತ್ತಬಹುದಿತ್ತು ಎಂದರು.

ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನಾನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷಗಳಿಂದ ಊರಿನ ಅರ್ಧ ಜನರನ್ನು ಮೇಲಕ್ಕೂ ಕೆಳಕ್ಕೂ ಕಳಿಸುತ್ತಿರುವವನು. ಹನ್ನೊಂದು ಮಹಡಿಯ ಲಿಫ್ಟೇ ನನ್ನ ಮಾತು ಕೇಳುವಾಗ ಗೋಡೆಗೆ ನೇತುಬಿದ್ದಿರುವ ಒಂದು ಟಿವಿ ಕೇಳದೇ? ಆ ಟಿವಿಯನ್ನು ಗೋಡೆಗೆ ಕೂರಿಸಿದವನೂ ನಾನೇ. ಎಷ್ಟು ಒತ್ತಾಗಿ ಕೂರಿಸಿದ್ದೇನೆಂದರೆ ಹಿಂದೆ ಒಂದು ಕಾಗದ ತೂರಿಸಲೂ ಜಾಗವಿಲ್ಲ. ಅದರ ಗುಂಡಿಗಳು, ಪ್ಲಗ್ಗು ಎಲ್ಲವೂ ಆ ಹಿಂಭಾಗದಲ್ಲೇ ಶಾಶ್ವತವಾಗಿ ನೆಲೆಸಿವೆ.

ಟಿವಿ ನಡೆಸುವ ಆ್ಯಪೊಂದನ್ನು ಫೋನಿಗೂ ಟ್ಯಾಬಿಗೂ ಹಾಕಿದೆ. ಫೋನಿನ ಪಕ್ಕದ ಗುಂಡಿ ಒತ್ತಿದರೆ ಸಾಕು, ಟಿವಿಯ ಧ್ವನಿ ಏರುತ್ತದೆ, ಇಳಿಯುತ್ತದೆ. ಟ್ಯಾಬಿನಲ್ಲಾದರೆ ಬೆರಳಿನಿಂದ ಒಂದು ಗೆರೆ ಎಳೆಯಬೇಕು. ಫೋನ್ ನನಗೆ, ಟ್ಯಾಬ್ ಅತ್ತೆಗೆ ಎಂದು ಅಧಿಕಾರ ಹಂಚಿಕೆಯೂ ಆಯಿತು. ಅಷ್ಟರಲ್ಲಿ ಹೆಂಡತಿ ರಿಮೋಟನ್ನು ಸೋಫಾದ ಹಿಂದಿನಿಂದ ಹೊರತೆಗೆದಳು. ನಾನು ಅದನ್ನು ಎರಡು ಕೈಯಲ್ಲಿ ಸ್ವೀಕರಿಸಿ, ಇಷ್ಟು ವರ್ಷಗಳ ಸೇವೆಗೆ ಕೃತಜ್ಞತೆ ಹೇಳಿ, ಬ್ಯಾಟರಿ ತೆಗೆದು ಗೋಡೆ ಗಡಿಯಾರಕ್ಕೆ ಹಾಕಿದೆ. ರಿಮೋಟನ್ನು ಆಫೀಸಿಗೆ ಒಯ್ದು ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕಿಬಿಡುವುದೆಂದು ತೀರ್ಮಾನಿಸಿದೆ. ಮನೆಯಲ್ಲಿದ್ದರೆ ತಾನೇ ಕಳೆದುಹೋಗುವುದು!

ಫೋನ್ ಕೈಕೊಟ್ಟರೆ ಏನು ಮಾಡುತ್ತೀರಿ ಎಂದು ಹೆಂಡತಿ ಕೇಳಿದಳು. ಟ್ಯಾಬ್ ಇದೆ ಎಂದೆ. ಟ್ಯಾಬ್ ಕೈಕೊಟ್ಟರೆ? ಫೋನ್ ಇದೆ ಎಂದೆ. ಅವಳು ಸುಮ್ಮನಾಗುವ ಹೆಂಗಸಲ್ಲ.

"ಮತ್ತೆ ನಿಮ್ಮ ಲಿಫ್ಟಿಗೆ ಆ ಕೈಹಿಡಿ ಯಾಕೆ ಇಟ್ಟಿರ್ತೀರಿ?"

ಲಿಫ್ಟಿನ ಯಂತ್ರ ಇರುವ ಪ್ರತಿ ಕೋಣೆಯಲ್ಲೂ ಗೋಡೆಯ ಮೇಲೆ ಒಂದು ಕಬ್ಬಿಣದ ಕೈಹಿಡಿ ತೂಗುತ್ತಿರುತ್ತದೆ. ಕರೆಂಟು ಹೋಗಿ ಜನ ನಡುಮಧ್ಯೆ ಸಿಕ್ಕಿಕೊಂಡರೆ ಅದರಿಂದಲೇ ಲಿಫ್ಟನ್ನು ಇಳಿಸಬೇಕು. ಅದರ ಕೆಳಗೆ ಒಂದು ಕೆಂಪು ಚೀಟಿ: "ತುರ್ತು ಬಳಕೆಗೆ. ಇಲ್ಲಿಂದ ತೆಗೆಯಬಾರದು. ತರಬೇತಿ ಪಡೆದವರು ಮಾತ್ರ ಮುಟ್ಟಬೇಕು." ಈ ಚೀಟಿಗಳ ಒಂದು ಕಟ್ಟು ನಮ್ಮ ಮನೆಯ ಕಪಾಟಿನಲ್ಲೇ ಇದೆ. ಆ ಕೈಹಿಡಿಯನ್ನು ಯಾರಾದರೂ ಅತ್ತಿತ್ತ ಮಾಡಿದ್ದರೆ ನಾನು ಇಡೀ ಕಟ್ಟಡ ಕೇಳುವಂತೆ ಬೈಯುತ್ತೇನೆ.

ಅದು ಜನರ ಪ್ರಾಣದ ಪ್ರಶ್ನೆ, ಇದು ಜುಜುಬಿ ಟಿವಿ ಎಂದು ಹೇಳಿ ಹೆಂಡತಿಯ ಬಾಯಿ ಮುಚ್ಚಿಸಿದೆ. ಮುಚ್ಚಿಸಿದೆ ಎಂದುಕೊಂಡೆ.

ಮಂಗಳವಾರದ ಹೊತ್ತಿಗೆ ಅತ್ತೆ ಟ್ಯಾಬಿನಲ್ಲಿ ನನ್ನನ್ನು ಮೀರಿಸಿದ್ದರು. ಅವರಿಗೆ ಎಡಗಿವಿ ಅಷ್ಟಕ್ಕಷ್ಟೆ. ಕಿವಿಯ ಮೆಷೀನು ಇದೆ, ಆದರೆ ಅದನ್ನು ನೆಂಟರು ಬಂದಾಗ ಮಾತ್ರ ಹಾಕಿಕೊಳ್ಳುತ್ತಾರೆ. ಮನೆಯವರ ಮಾತಿಗೆ ಅಷ್ಟೊಂದು ಬ್ಯಾಟರಿ ಯಾಕೆ ಖರ್ಚು ಎಂಬುದು ಅವರ ವಾದ. ಅಂಥವರಿಗೆ ಬೆರಳಲ್ಲಿ ಎಳೆದರೆ ಏರುವ ಧ್ವನಿ ಸಿಕ್ಕಿಬಿಟ್ಟಿತು! ಕೆಳಗಿನ ಮನೆಯವರು ಎರಡು ಸಲ ಬಂದು, ವಾರ್ತೆ ನಮಗೂ ಚೆನ್ನಾಗಿ ಕೇಳಿಸುತ್ತಿದೆ ಎಂದು ಹೇಳಿ ಹೋದರು. ಅತ್ತೆ ಅದನ್ನು ಮೆಚ್ಚುಗೆಯೆಂದು ತೆಗೆದುಕೊಂಡರು.

ಇನ್ನು ಆ ಶನಿವಾರದ ವಿಷಯ. ನನ್ನ ಹೆಂಡತಿ ಪಶುವೈದ್ಯೆ. ನಮ್ಮೂರಿನ ಪುಟ್ಟ ಚಾನೆಲ್ಲೊಂದು, ಜನ ಫೋನ್ ಮಾಡಿ ಪ್ರಶ್ನೆ ಕೇಳುವ ಅರ್ಧ ಗಂಟೆಯ ನೇರ ಕಾರ್ಯಕ್ರಮಕ್ಕೆ ಅವಳನ್ನು ಕರೆದಿತ್ತು. ಸಂಜೆ ನಾಲ್ಕಕ್ಕೆ. ಚೆನ್ನಾಗಿ ನಡೆದರೆ ಪ್ರತಿ ಶನಿವಾರ ಅವಳಿಗೇ ಕೊಡುವುದಾಗಿ ಹೇಳಿದ್ದರು. ಅವಳಿಗೆ ಆಸೆಯೂ ಇತ್ತು, ಅದಕ್ಕಿಂತ ಹೆಚ್ಚು ಭಯವಿತ್ತು. ಹಿಂದಿನ ತಿಂಗಳು ಚರ್ಮದ ಡಾಕ್ಟರೊಬ್ಬರು ಅದೇ ಕುರ್ಚಿಯಲ್ಲಿ ಕೂತಿದ್ದಾಗ ಒಂದೇ ಒಂದು ಫೋನ್ ಬರಲಿಲ್ಲ. ಪಾಪ, ಅರ್ಧ ಗಂಟೆ ಅವರೊಬ್ಬರೇ ತುರಿಕೆಯ ಬಗ್ಗೆ ಮಾತಾಡಿದರು. ಈಗ ಅವರು ಸ್ಟುಡಿಯೋ ಇರುವ ರಸ್ತೆಯಲ್ಲೇ ಓಡಾಡುವುದಿಲ್ಲವಂತೆ.

ಶನಿವಾರ ಮನೆಯಿಂದ ಹೊರಡುವ ಮುಂಚೆ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಚ್ಚಿದಳು.

"ಹತ್ತು ನಿಮಿಷ ಯಾರೂ ಫೋನ್ ಮಾಡದೇ ಇದ್ರೆ ನಾನು ಕನ್ನಡಕ ಸರಿ ಮಾಡ್ಕೋತೀನಿ. ಆಗ ನೀವು ಮಾಡಿ. ನಮ್ಮ ಬೆಕ್ಕು ಎರಡು ದಿನದಿಂದ ಊಟ ಬಿಟ್ಟಿದೆ ಅನ್ನಿ. ಅದಕ್ಕಿಂತ ಒಂದಕ್ಷರ ಜಾಸ್ತಿ ಬೇಡ."

ಅಷ್ಟು ಮಾಡಲಾರೆನೇ ಎಂದೆ. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಅವಳು ಬಾಯಿಬಿಟ್ಟು ಕೇಳಿದ ಮೊದಲ ಸಹಾಯ ಅದು. ಅತ್ತೆಗೆ ಮಾತ್ರ ಹೇಳುವುದು ಬೇಡವೆಂದು ಇಬ್ಬರೂ ಒಪ್ಪಿಕೊಂಡೆವು. ಅವರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.

ನಾಲ್ಕು ಗಂಟೆಗೆ ಹೆಂಡತಿ ಟಿವಿಯಲ್ಲಿ ಮೂಡಿದಳು. ಅತ್ತೆ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಮಗಳು ಸ್ವಲ್ಪ ಇಳಿದುಹೋಗಿದ್ದಾಳೆ ಎಂದರು. ಬೆಳಿಗ್ಗೆ ತಾನೇ ಜೊತೆಗೆ ಕೂತು ತಿಂಡಿ ತಿಂದಿದ್ದರು! ನಿರೂಪಕ ನಗುನಗುತ್ತಾ ಫೋನ್ ನಂಬರ್ ಹೇಳಿದ. ಯಾರೂ ಮಾಡಲಿಲ್ಲ. ತಾನೇ ಒಂದು ಪ್ರಶ್ನೆ ಕೇಳಿದ, ಮತ್ತೆ ನಂಬರ್ ಹೇಳಿದ. ಯಾರೂ ಮಾಡಲಿಲ್ಲ. ಎಂಟನೇ ನಿಮಿಷಕ್ಕೆ ನಾಯಿಗಳಿಗೆ ಕನಸು ಬೀಳುತ್ತದೆಯೇ ಎಂದು ವಿಚಾರಿಸತೊಡಗಿದ. ಹೆಂಡತಿ ಉತ್ತರ ಕೊಡುತ್ತಲೇ ಇದ್ದಳು, ಆದರೆ ಅವಳ ಹಣೆಯ ಮೇಲಿನ ಬೆವರು ನನಗೆ ಇಲ್ಲಿಂದಲೇ ಕಾಣುತ್ತಿತ್ತು. ಹತ್ತಾಗುತ್ತಲೇ ಅವಳ ಕೈ ಕನ್ನಡಕಕ್ಕೆ ಹೋಯಿತು.

ನಾನು ಕಿಟಕಿಗೆ ಹಾರಿದೆ. ನಮ್ಮ ಮನೆಯಲ್ಲಿ ಫೋನಿನ ಸಿಗ್ನಲ್ ಸಿಗುವುದು ನಡುಮನೆಯ ಆ ಕಿಟಕಿಯ ಹತ್ತಿರ ಮಾತ್ರ. ಅತ್ತೆಗೆ ಬೆನ್ನು ಹಾಕಿ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಂಬರ್ ಒತ್ತಿದೆ. ಮೊದಲ ಬಾರಿಗೇ ಲೈನ್ ಸಿಕ್ಕಿತು. ಅಲ್ಲಿ ಸರದಿಯೇ ಇರಲಿಲ್ಲವಲ್ಲ! ಯಾರು ಮಾತಾಡುತ್ತಿರುವುದು ಎಂದು ನಿರೂಪಕ ಪ್ರಾಣ ಬಂದವನಂತೆ ಕೇಳಿದ. ಹೆಸರೊಂದನ್ನು ನಾವು ಯೋಚಿಸಿಯೇ ಇರಲಿಲ್ಲ.

"ನಾನು... ಬೆಕ್ಕಿನವನು," ಎಂದೆ.

ನೇರ ಪ್ರಸಾರವೆಂದರೂ ಟಿವಿಗೆ ಬರುವಾಗ ಏಳು ಸೆಕೆಂಡ್ ತಡವಾಗುತ್ತದಂತೆ. ಅದು ನನಗೆ ಗೊತ್ತಾದದ್ದು ಏಳು ಸೆಕೆಂಡ್ ಕಳೆದ ಮೇಲೆ. "ನಾನು... ಬೆಕ್ಕಿನವನು" ಎಂದು ಇಡೀ ನಡುಮನೆ ಗುಡುಗಿತು. ಆ ಗುಡುಗು ನನ್ನ ಫೋನಿನೊಳಗೆ ನುಗ್ಗಿ ಸ್ಟುಡಿಯೋಗೆ ಹೋಯಿತು, ಅಲ್ಲಿಂದ ಮತ್ತೆ ಟಿವಿಗೆ ಬಂತು. ಈಗ ಊರಲ್ಲಿ ನಾಲ್ಕೈದು ಜನ ಬೆಕ್ಕಿನವರಿದ್ದಂತಾಯಿತು.

ದಯವಿಟ್ಟು ನಿಮ್ಮ ಟಿವಿಯ ಧ್ವನಿ ಕಡಿಮೆ ಮಾಡಿ ಎಂದ ನಿರೂಪಕ. ಅಷ್ಟೇ ತಾನೇ? ಆರು ದಿನಗಳ ಅಭ್ಯಾಸಬಲದಿಂದ ಫೋನಿನ ಪಕ್ಕದ ಗುಂಡಿಯನ್ನು ಬಲವಾಗಿ ಒತ್ತಿ ಹಿಡಿದೆ. ಟಿವಿ ಜಗ್ಗಲಿಲ್ಲ. ಫೋನಿನಲ್ಲಿ ಬರುತ್ತಿದ್ದ ನಿರೂಪಕನ ಧ್ವನಿ ಮಾತ್ರ ಇಳಿಯುತ್ತಾ ಇಳಿಯುತ್ತಾ ಹೋಗಿ ಅಡಗಿತು. ಗಾಬರಿಯಿಂದ ಆ್ಯಪ್ ತೆರೆದೆ. "ಕರೆ ಮುಗಿದ ನಂತರ ಪ್ರಯತ್ನಿಸಿ" ಎಂದು ಅದು ಬಹಳ ಮರ್ಯಾದೆಯಿಂದ ತಿಳಿಸಿತು. ಕರೆ ಕತ್ತರಿಸಿದರೆ ಬಂದ ಒಬ್ಬ ಗಿರಾಕಿಯೂ ಓಡಿಹೋದಂತೆ. ಟಿವಿಯ ಗುಂಡಿ ಒತ್ತೋಣವೆಂದರೆ ನನ್ನ ಬೆರಳಿಗೇ ದಾರಿ ಬಿಡದಂತೆ ನಾನೇ ಕೂರಿಸಿದ್ದೇನೆ. ರಿಮೋಟ್? ಅದು ಆಫೀಸಿನ ಡ್ರಾಯರಿನಲ್ಲಿ ಬೀಗದೊಳಗೆ ವಿಶ್ರಾಂತ ಜೀವನ ನಡೆಸುತ್ತಿತ್ತು!

ಉಳಿದದ್ದು ಟ್ಯಾಬ್. ಅದಿದ್ದದ್ದು ಅತ್ತೆಯ ಕೈಯಲ್ಲಿ. ಕಡಿಮೆ ಮಾಡಿ, ಕಡಿಮೆ ಮಾಡಿ ಎಂದು ನಾನು ಕೈಸನ್ನೆ ಮಾಡಿದೆ. ಅವರ ಕಣ್ಣು ಟಿವಿಯ ಮೇಲೆಯೇ ನೆಟ್ಟಿತ್ತು.

"ಆ ಬೆಕ್ಕಿನವನು ಏನು ಗೊಣಗ್ತಾನೋ ಒಂದೂ ಕೇಳಿಸ್ತಿಲ್ಲ," ಎಂದು ಗೆರೆಯನ್ನು ಕೊನೆಯ ತನಕ ಎಳೆದೇಬಿಟ್ಟರು.

ಕಿಟಕಿಯ ಗಾಜು ನಡುಗಿತು. ನಾನು ಕರವಸ್ತ್ರ ಎಸೆದು, ಫೋನ್ ಹಿಡಿದುಕೊಂಡೇ ಟ್ಯಾಬಿಗೆ ಕೈಹಾಕಿದೆ. ಮಗಳ ಕಾರ್ಯಕ್ರಮ ನೋಡಲೂ ಬಿಡುವುದಿಲ್ಲವೇ ಎಂದು ಅವರು ಹಿಂದಕ್ಕೆ ಎಳೆದರು. ಆ ಗಲಾಟೆಯಲ್ಲೂ ಹೆಂಡತಿ ಹೇಳಿದ್ದನ್ನು ನಾನು ಮರೆಯಲಿಲ್ಲ. ನಮ್ಮ ಬೆಕ್ಕು ಎರಡು ದಿನದಿಂದ ಊಟ ಬಿಟ್ಟಿದೆ ಎಂದು ಫೋನಿಗೆ ಅರಚಿದೆ. ಕರ್ತವ್ಯ ಕರ್ತವ್ಯವೇ! ಅತ್ತೆ ಟ್ಯಾಬ್ ಎಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಏನೋ ಹೊಳೆದಂತೆ ಅವರ ಕಣ್ಣು ಅರಳಿತು. ನೆಂಟರ ಜೊತೆ ಮಾತಾಡುವ ದೊಡ್ಡ ದನಿಯಲ್ಲಿ, ನನ್ನ ಫೋನಿನ ಪಕ್ಕದಲ್ಲೇ ಹೇಳಿದರು:

"ಅಳಿಯಂದ್ರೇ, ನಮ್ಮ ಮನೇಲಿ ಬೆಕ್ಕೇ ಇಲ್ವಲ್ಲ!"

ಏಳು ಸೆಕೆಂಡ್ ಇಷ್ಟು ಉದ್ದವಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ನಾನೂ ಅತ್ತೆಯೂ ಟಿವಿ ನೋಡುತ್ತಾ ನಿಂತೆವು. ಅತ್ತೆಯ ಮಾತು ಅತ್ತೆಯ ದನಿಯಲ್ಲೇ ಟಿವಿಯಿಂದ ಬಂತು. ನಿರೂಪಕನ ಬಾಯಿ ತೆರೆದೇ ಇತ್ತು. ಹೆಂಡತಿಯ ಮುಖ ಕೆಂಪಾಗಿ, ಆಮೇಲೆ ಬಿಳಿಚಿಕೊಂಡಿತು. ಹತ್ತೊಂಬತ್ತು ವರ್ಷಕ್ಕೊಮ್ಮೆ ಕೇಳಿದ ಒಂದೇ ಒಂದು ಸಹಾಯ! ನನಗೆ ನಿಜವಾಗಿ ನಾಚಿಕೆಯಾಯಿತು. ಭೂಮಿ ಬಾಯ್ದೆರೆಯಬಾರದೇ ಅನ್ನಿಸಿತು, ಆದರೆ ನಾವಿದ್ದದ್ದು ಮೂರನೇ ಮಹಡಿಯಲ್ಲಿ.

ಅವಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ನೇರವಾಗಿ ಕ್ಯಾಮೆರಾ ನೋಡಿದಳು.

"ಇವರು ನನ್ನ ಯಜಮಾನ್ರು," ಎಂದಳು. "ಯಾರೂ ಫೋನ್ ಮಾಡದೇ ಇದ್ರೆ ನೀವೇ ಮಾಡಿ ಅಂತ ನಾನೇ ಹೇಳಿದ್ದೆ. ತಪ್ಪು ನಂದು. ಬೆಕ್ಕು ಇಲ್ಲ. ಟಿವಿ ಧ್ವನಿ ಅವರಿಗೆ ಕಡಿಮೆ ಮಾಡೋಕಾಗಲ್ಲ, ಯಾಕಂದ್ರೆ ರಿಮೋಟ್‌ನ ಆಫೀಸಲ್ಲಿ ಬೀಗ ಹಾಕಿ ಇಟ್ಟು ಬಂದಿದಾರೆ. ಅಮ್ಮಾ, ಆ ಟ್ಯಾಬಲ್ಲಿ ಗೆರೆ ಕೆಳಗೆ ಎಳಿ."

ಅತ್ತೆ ಟಿವಿಗೆ ತಲೆಯಾಡಿಸಿ, ವಿಧೇಯರಾಗಿ ಗೆರೆ ಕೆಳಗೆ ಎಳೆದರು. ಮನೆ ತಣ್ಣಗಾಯಿತು. ನಿರೂಪಕ ಮಾತ್ರ ಮೇಜಿಗೆ ಹಣೆ ಹಚ್ಚಿ ನಗುತ್ತಿದ್ದ, ಎರಡು ನಿಮಿಷ ಅವನಿಂದ ನಂಬರ್ ಹೇಳಲೂ ಆಗಲಿಲ್ಲ.

ಹೇಳಬೇಕಾದ ಅಗತ್ಯವೂ ಬೀಳಲಿಲ್ಲ. ಫೋನುಗಳು ಒಂದರ ಹಿಂದೊಂದು ಬರತೊಡಗಿದವು! ಒಬ್ಬ ಹೆಂಗಸಿನ ಕೋಳಿ ಮೊಟ್ಟೆ ನಿಲ್ಲಿಸಿತ್ತು, ನಿವೃತ್ತ ಮೇಷ್ಟ್ರೊಬ್ಬರ ನಾಯಿ ಕೊಡೆ ಕಂಡರೆ ಓಡುತ್ತಿತ್ತು, ಒಬ್ಬ ದರ್ಜಿಯ ಮೊಲ ಅಳತೆಯ ಪಟ್ಟಿ ತಿಂದುಹಾಕಿತ್ತು. ಎಲ್ಲರೂ ಮೊದಲು ಹೇಳುತ್ತಿದ್ದದ್ದು ಒಂದೇ ಮಾತು: ಡಾಕ್ಟ್ರೇ, ನಮ್ಮ ಟಿವಿ ಆಫ್ ಮಾಡಿದ್ದೇವೆ, ರಿಮೋಟ್ ಕೈಯಲ್ಲೇ ಇದೆ. ಹೆಂಡತಿಯ ಹಣೆಯ ಬೆವರು ಆರಿತ್ತು. ಅರ್ಧ ಗಂಟೆಯ ಕಾರ್ಯಕ್ರಮ ಮುಕ್ಕಾಲು ಗಂಟೆ ನಡೆಯಿತು.

ಅವಳು ಮನೆಗೆ ಬಂದಾಗ ನಾನು ಬಾಗಿಲ ಹತ್ತಿರ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದೆ. ಅವಳು ಚಪ್ಪಲಿ ಬಿಟ್ಟವಳೇ ಅಲ್ಲೇ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪ್ರತಿ ಶನಿವಾರ ಅವಳಿಗೇ ಕೊಟ್ಟಿದ್ದರಂತೆ. ಕೂಡಲೇ ನನ್ನ ಮೀಸೆ ಮೇಲೇರಿತು. ಹಾಗಾದರೆ ಇದೆಲ್ಲ ಆದದ್ದು ನನ್ನ ಆ್ಯಪಿನಿಂದಲೇ ಅಲ್ಲವೇ ಎಂದು ಮೆಲ್ಲಗೆ ಕೇಳಿದೆ. ಅವಳು ನಗು ನಿಲ್ಲಿಸಿ ನನ್ನನ್ನು ನೋಡಿದ ನೋಟಕ್ಕೆ ಮೀಸೆ ಮತ್ತೆ ಕೆಳಗಿಳಿಯಿತು.

ಸೋಮವಾರ ಹನ್ನೊಂದು ಮಹಡಿಯ ಕಟ್ಟಡಕ್ಕೆ ಹೋದರೆ ಕಾವಲುಗಾರ ಎದ್ದು ನಿಂತು, ಬೆಕ್ಕು ಊಟ ಮಾಡಿತೇ ಸಾರ್ ಎಂದು ಕೇಳಿದ. ಲಿಫ್ಟಿನಲ್ಲಿದ್ದ ಏಳು ಜನವೂ ಒಟ್ಟಿಗೆ ಛಾವಣಿ ನೋಡಿದರು. ಮಧ್ಯಾಹ್ನವೇ ಆಫೀಸಿಗೆ ಹೋಗಿ ಬೀಗ ತೆಗೆದು, ರಿಮೋಟನ್ನು ಜೇಬಿಗಿಳಿಸಿ ಮನೆಗೆ ತಂದೆ. ಹೊಸ ಬ್ಯಾಟರಿಯನ್ನೂ ಹಾಕಿ ಅತ್ತೆಯ ಕೈಗೆ ಒಪ್ಪಿಸಿದೆ.

ಸಂಜೆ ಕೆಲಸ ಮುಗಿಸಿ ಬಂದು ನೋಡುತ್ತೇನೆ, ಟಿವಿಯ ಪಕ್ಕದ ಗೋಡೆಗೆ ಒಂದು ಮೊಳೆ. ಮೊಳೆಯಿಂದ ಇಳಿಬಿದ್ದ ದಾರದ ತುದಿಯಲ್ಲಿ ರಿಮೋಟ್. ಅದರ ಕೆಳಗೆ ನಮ್ಮ ಕಪಾಟಿನ ಕಟ್ಟಿನಿಂದ ಕಿತ್ತು ಅಂಟಿಸಿದ ಕೆಂಪು ಚೀಟಿ. ತುರ್ತು ಬಳಕೆಗೆ, ಇಲ್ಲಿಂದ ತೆಗೆಯಬಾರದು ಎಂಬ ಮೊದಲೆರಡು ಮಾತುಗಳು ಹಾಗೆಯೇ ಇದ್ದವು. ಕೊನೆಯ ಸಾಲನ್ನು ಮಾತ್ರ ನಮ್ಮ ಮನೆಯ ಡಾಕ್ಟರು ತಮ್ಮ ಕೈಬರಹದಲ್ಲಿ ತಿದ್ದಿದ್ದರು:

"ತರಬೇತಿ ಪಡೆದವರು ಮುಟ್ಟಬಾರದು."