ಗಾಲಿ ಪೆಟ್ಟಿಗೆಯೂ ನಮ್ಮವರೂ

ವಸ್ತು ಎಷ್ಟು ಸಣ್ಣದೋ ಅದನ್ನು ಆರಿಸುವ ಕಷ್ಟ ಅಷ್ಟು ದೊಡ್ಡದು ಎಂಬುದು ನನ್ನ ಅನುಭವ. ನನ್ನ ಮದುವೆ ನಿಶ್ಚಯವಾದದ್ದು ವಿಜಾಪುರದ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲಿ, ಬಂದವರಿಗೆ ಕೊಟ್ಟ ಚಹಾ ತಣ್ಣಗಾಗುವುದರೊಳಗೆ. ಲಂಡನ್ನಿನಲ್ಲಿ ಮನೆ ಕೊಂಡದ್ದು ಒಂದು ಮಧ್ಯಾಹ್ನದಲ್ಲಿ, ಅದೂ ಜಿಟಿಜಿಟಿ ಮಳೆಯಲ್ಲಿ ಇನ್ನೊಂದು ಮನೆ ನೋಡಲು ಹೋಗುವ ಬೇಸರಕ್ಕೆ. ಅಂಥ ನಾನು, ಸುತ್ತಿಗೆ, ಸ್ಕ್ರೂಡ್ರೈವರ್, ಡ್ರಿಲ್ ಇಡುವ ಒಂದು ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಆರಿಸಲು ಒಂದಿಡೀ ಚಳಿಗಾಲ ಕಳೆದೆ. ಒಬ್ಬಳೇ ಆಗಿದ್ದರೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು. ಜೊತೆಗೆ ನಮ್ಮವರಿದ್ದರು.

ನಮ್ಮವರು ಎಂದರೆ ನನ್ನ ಗಂಡ. ಹೆಸರು ಹಿಡಿದು ಹೇಳುವ ರೂಢಿ ನನಗಿಲ್ಲ. ಪದವಿ ಪಡೆದ ಮೇಲೂ ಬಿಟ್ಟುಹೋಗದ ಒಂದೆರಡು ಅಭ್ಯಾಸಗಳಲ್ಲಿ ಇದೂ ಒಂದು. ಪದವಿಯ ಮಾತು ಬಂತಲ್ಲ, ಹೇಳಿಯೇಬಿಡುತ್ತೇನೆ. ಬಾರದಿದ್ದರೆ ಹೇಗಾದರೂ ಮಾಡಿ ತರುತ್ತಿದ್ದೆ. ನಾನು ಬಿ.ಎಸ್ಸಿ., ಫಿಸಿಕ್ಸು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಕಾಲು ನನ್ನದು. ಅಪ್ಪ ಹತ್ತಿ ಬಜಾರಿನಲ್ಲಿ ಹಮಾಲರು. ಬೆನ್ನ ಮೇಲೆ ಹತ್ತಿ ಅಂಡಿಗೆ ಹೊತ್ತು ನನ್ನ ಫೀ ಕಟ್ಟಿದವರು. "ಹೆಣ್ಣ ಹುಡುಗಿ ಓದಿ ಯಾವ ಗುಡ್ಡಾ ಕಡೀತಾಳ?" ಎಂದು ಸೋದರತ್ತೆ ಕೇಳಿದಾಗ, "ಗುಡ್ಡಾ ನಾ ಕಡೀತೀನಿ, ಅಕಿ ಓದ್ಲಿ" ಎಂದಿದ್ದರು. ಲಂಡನ್ನಿನ ಕನ್ನಡದವರ ಮನೆಗಳಲ್ಲಿ ಊಟಕ್ಕೆ ಕೂತಾಗ ಡಾಕ್ಟರರ ಮಕ್ಕಳು, ವಕೀಲರ ಮಕ್ಕಳು ತಮ್ಮ ತಮ್ಮ ಮನೆತನದ ಮಾತಾಡುತ್ತಾರೆ. ನನ್ನ ಸರದಿ ಬಂದಾಗ ನಾನು ಹಮಾಲರ ಮಗಳು ಎಂದು ಗಟ್ಟಿಯಾಗಿಯೇ ಹೇಳುತ್ತೇನೆ. ಸ್ವಲ್ಪ ಹೊತ್ತು ಎಲ್ಲರೂ ಹಪ್ಪಳ ಮುರಿಯುವ ಸದ್ದು ಮಾತ್ರ ಕೇಳುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ನಾವು ಗ್ರೀನ್‌ಫರ್ಡ್‌ಗೆ ಬಂದಾಗ ನನ್ನ ಬಿ.ಎಸ್ಸಿ.ಯನ್ನು ನೋಡಿದವರು ಬಹಳ ಗೌರವದಿಂದ ಅದನ್ನು ನನಗೇ ಮರಳಿ ಕೊಟ್ಟರು. ಕೊನೆಗೆ ಕೆಲಸ ಸಿಕ್ಕಿದ್ದು ದೀಪದ ಫಿಟಿಂಗುಗಳನ್ನು ಜೋಡಿಸುವ ಒಂದು ಸಣ್ಣ ಕಾರ್ಖಾನೆಯಲ್ಲಿ. ಅಲ್ಲಿ ಹೆಂಗಸರೇ ಹೆಚ್ಚು. ಬೆಳಗಿನಿಂದ ಕೈಯಲ್ಲಿ ಸ್ಕ್ರೂಡ್ರೈವರ್. ಒಂದು ವರ್ಷದಲ್ಲಿ ನನ್ನ ಕೈ ಎಷ್ಟು ಪಳಗಿತೆಂದರೆ ಯಾರ ಮನೆಗೆ ಹೋದರೂ ಸಡಿಲವಾದ ಬಾಗಿಲ ಹಿಡಿಕೆಯ ಮೇಲೆಯೇ ಕಣ್ಣು. ಒಂದು ಡ್ರಿಲ್ ಕೊಂಡೆ. ಅಂದಿನಿಂದ ನನ್ನ ಶನಿವಾರಗಳು ನನ್ನವಾಗಿ ಉಳಿಯಲಿಲ್ಲ.

ಆಗ ಲಂಡನ್ನಿನ ಕನ್ನಡದವರೆಲ್ಲ ಒಬ್ಬೊಬ್ಬರಾಗಿ ಮನೆ, ಫ್ಲ್ಯಾಟು ಮಾಡಿಕೊಳ್ಳುತ್ತಿದ್ದ ಕಾಲ. ದೇವರ ಮಂಟಪಕ್ಕೊಂದು ಶೆಲ್ಫು, ಕಿಟಕಿಗೊಂದು ಕರ್ಟನ್ ಕಂಬಿ ಎಲ್ಲರಿಗೂ ಬೇಕು. ಮೊದಲು ಫೋನ್ ಮಾಡಿದವರು ಕ್ರೋಯ್ಡನ್ನಿನ ಸರೋಜಮ್ಮ, ಬೆಂಗಳೂರಿನವರು. "ನಿಮ್ಮನೇಲಿ ಡ್ರಿಲ್ ಇದ್ಯಂತೆ. ಶನಿವಾರ ನಿಮ್ಮ ಯಜಮಾನರನ್ನ ಸ್ವಲ್ಪ ಕಳಿಸ್ತೀರಾ?" ಎಂದರು. ನಮ್ಮ ಯಜಮಾನರಿಗೆ ಡ್ರಿಲ್ಲಿನ ಬಾಲ ಯಾವುದು, ಬಾಯಿ ಯಾವುದು ತಿಳಿಯದು. ಅವರು ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವವರು. ಆದರೆ ಗಂಡಸಿರುವ ಮನೆಯಿಂದ ಹೆಂಗಸು ಬಂದು ಗೋಡೆ ಕೊರೆಯುತ್ತಾಳೆ ಎಂದು ಫೋನಿನಲ್ಲಿ ಹೇಗೆ ಹೇಳುವುದು? "ಬರ್ತಾರ್ರೀ" ಎಂದೆ. ಇಬ್ಬರೂ ಹೋದೆವು. ಹೆಂಡತಿ ಭಾರ ಹೊತ್ತು ಗಂಡ ಕೈ ಬೀಸಿಕೊಂಡು ಹೋದರೆ ನೋಡಿದವರು ಏನಂದಾರು ಎಂದು ಸಾಮಾನಿನ ಚೀಲ ನಮ್ಮವರು ಹಿಡಿದರು. ಸರೋಜಮ್ಮನ ಮನೆಯಲ್ಲಿ ಇವರು ಹಾಲ್‌ನಲ್ಲಿ ಕೂತು ಚಹಾ ಕುಡಿಯುತ್ತ ಮಾತಾಡಿದರು. ನಾನು ಒಳಗೆ ಗೋಡೆ ಕೊರೆದೆ. ಶೆಲ್ಫು ನಿಂತ ಮೇಲೆ ಸರೋಜಮ್ಮ ನಮ್ಮವರಿಗೆ ಕೈ ಮುಗಿದು, "ತುಂಬಾ ಚೆನ್ನಾಗಿ ಮಾಡ್ಕೊಟ್ರಿ" ಎಂದರು. ಇವರು ಕಪ್ಪು ಕೆಳಗಿಟ್ಟು, "ಅದೇನ ದೊಡ್ಡದಲ್ಲ ಬಿಡ್ರಿ" ಎಂದರು. ಸರೋಜಮ್ಮ ನನ್ನನ್ನು ಕೂರಿಸಿ, ಗೋಡೆಯ ಪುಡಿ ಮೆತ್ತಿದ ಹಣೆಗೆ ಕುಂಕುಮ ಹಚ್ಚಿ, ಬಾಳೆಹಣ್ಣಿನ ಜೊತೆ ಒಂದು ಹಸಿರು ಖಣ ಕೊಟ್ಟರು. ಅವರ ಕಡೆ ಅದಕ್ಕೆ ಬ್ಲೌಸ್ ಪೀಸ್ ಎನ್ನುತ್ತಾರೆ.

ಕ್ರಮೇಣ ಎಲ್ಲರಿಗೂ ನಿಜ ತಿಳಿಯಿತು. ಆದರೂ ಕರೆ ಬರುತ್ತಿದ್ದುದು ಅವರ ಹೆಸರಿಗೇ, ಕೃತಜ್ಞತೆ ಸಲ್ಲುತ್ತಿದ್ದುದೂ ಅವರಿಗೇ, ನನಗೆ ಖಣ. ಅಷ್ಟು ಖಣ ಹೊಲಿಸಿ ತೊಡಲು ನನಗೇನು ಹತ್ತು ಮೈ ಇದೆಯೇ? ಸಾಮಾನು ಒಂದಕ್ಕೊಂದು ತಾಗಿ ಸದ್ದಾಗದಿರಲೆಂದು ಅವುಗಳಲ್ಲಿ ಸುತ್ತತೊಡಗಿದೆ. ಕ್ರೋಯ್ಡನ್ನಿನ ಹಸಿರು ಖಣದಲ್ಲಿ ಸ್ಕ್ರೂಡ್ರೈವರುಗಳು, ಹ್ಯಾರೋದ ಕೆಂಪು ಖಣದಲ್ಲಿ ಡ್ರಿಲ್ಲಿನ ಬಿಟ್ಟುಗಳು, ಈಸ್ಟ್ ಹ್ಯಾಮಿನ ಕುಂದಾಪುರದವರು ಕೊಟ್ಟ ಅರಿಶಿನ ಬಣ್ಣದ್ದರಲ್ಲಿ ನಟ್ಟು ಬಿಗಿಯುವ ಪಾನಾಗಳು. ನಮ್ಮವರಿಗೆ ಸಾಮಾನಿನ ಹೆಸರು ಕೊನೆಗೂ ಬರಲಿಲ್ಲ. ಖಣ ಮಾತ್ರ ಬಾಯಿಪಾಠವಾಯಿತು. ನಾನು ಏಣಿಯ ಮೇಲಿಂದ "ಕ್ರೋಯ್ಡನ್ ಕೊಡ್ರಿ" ಎಂದು ಕೂಗಿದರೆ ಚಹಾ ಬಿಟ್ಟು ಎದ್ದು ಬಂದು ಗಂಟು ಕೈಗಿಟ್ಟು ಹೋಗುತ್ತಿದ್ದರು.

ಚೀಲ ಹೊರುವುದರ ಬಗ್ಗೆ ಅವರಿಗೆ ಯಾವ ಸಂಕೋಚವೂ ಇರಲಿಲ್ಲ. "ಮಾವನ ಕೆಲಸಾ ಅಳಿಯಾ ಮುಂದುವರಿಸ್ಯಾನ" ಎಂದು ಬಂದವರ ಮುಂದೆಲ್ಲ ಹೇಳುವರು. ನಮ್ಮ ಗ್ರೀನ್‌ಫರ್ಡ್ ಸ್ಟೇಷನ್ನಿನಲ್ಲಿ ಆಗ ಮರದ ಎಸ್ಕಲೇಟರ್ ಇತ್ತು. ಅದು ಹಳೆಯ ಎತ್ತಿನ ಗಾಡಿಯಂತೆ ಕಿರುಗುಡುತ್ತ ಮೇಲೇರುವಾಗ ಇವರು ಚೀಲವನ್ನು ಎದೆಗವಚಿಕೊಂಡು ನಿಲ್ಲುವರು. ಬಾಂಬಿನ ಭಯಕ್ಕೆ, ವಾರಸುದಾರರಿಲ್ಲದ ಚೀಲ ಕಂಡರೆ ತಿಳಿಸಿ ಎಂದು ಸ್ಟೇಷನ್ನುಗಳಲ್ಲಿ ಹೊತ್ತುಹೊತ್ತಿಗೆ ಕೂಗಿ ಹೇಳುತ್ತಿದ್ದ ದಿನಗಳು ಅವು. ಹೀಗಾಗಿ ಟ್ಯೂಬ್ ರೈಲಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲೆ ಕೂರಿಸಿಕೊಳ್ಳುವರು. ಕೂತಲ್ಲಿಂದ ಕಿಟಕಿಯ ಮೇಲಿನ ಜಾಹೀರಾತುಗಳನ್ನು ಒಂದೊಂದಾಗಿ ಓದಿ, ವಿಜಾಪುರದ ಭಾಷೆಗೆ ತಿರುಗಿಸಿ ನನಗೆ ಹೇಳುವರು. ಬೋಳು ತಲೆಗೆ ಕೂದಲು ಬರಿಸುವ ಕಂಪನಿಯ ಜಾಹೀರಾತು ಅವರ ಬಾಯಲ್ಲಿ, "ಬರ್ರಿ, ಬಂಜರು ಹೊಲಕ್ಕ ಬಿತ್ತಿಗಿ ಮಾಡಿಕೊಡ್ತೀವಿ" ಎಂದಾಗುತ್ತಿತ್ತು. ನನ್ನದು ಬೆಳಗಿನ ಪಾಳಿ, ಅವರದು ಸಂಜೆ ತಡವಾಗಿ ಬರುವ ಆಫೀಸು. ವಾರವಿಡೀ ನಾವು ಎದುರಾಗುತ್ತಿದ್ದುದು ಬಸ್ಸಿನ ಡ್ರೈವರುಗಳು ಪಾಳಿ ಬದಲಿಸಿದ ಹಾಗೆ. ನಕ್ಕದ್ದೇನಿದ್ದರೂ ಶನಿವಾರ, ಆ ಚೀಲದ ಜೊತೆ.

ಹೀಗೇ ಹೊಸ ಶತಮಾನವೂ ಬಂತು. ಒಂದು ಶನಿವಾರ ಲಿಫ್ಟ್ ಕೆಟ್ಟಿದ್ದ ಒಂದು ಕಟ್ಟಡದ ಮೆಟ್ಟಿಲು ಹತ್ತುತ್ತ, ನಡುವೆಯೇ ಇವರು ಗೋಡೆಗೆ ಒರಗಿ ನಿಂತರು. "ಬೆನ್ನ ಹಿಡಕೊಂಡೈತಿ. ನೀ ಮುಂದ ನಡಿ, ನಾ ಚೀಲಾ ಕಾಯ್ತೀನಿ" ಎಂದರು. ನಮ್ಮ ಬಡಾವಣೆಯ ಡಾಕ್ಟರು ಪರೀಕ್ಷಿಸಿ, ಇನ್ನು ಭಾರ ಎತ್ತುವಂತಿಲ್ಲ ಎಂದು ಹೇಳಿಬಿಟ್ಟರು.

ಅದಕ್ಕೇ ಪೆಟ್ಟಿಗೆಯ ವಿಚಾರ ಹುಟ್ಟಿದ್ದು. ಊರ ಹೊರಗಿನ ಮನೆ ರಿಪೇರಿ ಸಾಮಾನಿನ ದೊಡ್ಡ ಅಂಗಡಿಗಳಲ್ಲಿ ಆಗ ಹೊಸ ಬಗೆಯ ಪೆಟ್ಟಿಗೆಗಳು ಬಂದಿದ್ದವು. ಒಂದರ ಮೇಲೊಂದು ಮೂರು ನಾಲ್ಕು ಪೆಟ್ಟಿಗೆ. ಬೇಕಾದರೆ ಬಿಡಿಸಬಹುದು, ಬೇಡವಾದರೆ ಕೊಂಡಿ ಹಾಕಿ ಒಂದೇ ಮಾಡಬಹುದು. ಎಲ್ಲಕ್ಕಿಂತ ಕೆಳಗಿನದಕ್ಕೆ ಗಾಲಿ, ಎಳೆಯಲು ಉದ್ದನೆಯ ಹಿಡಿಕೆ. ನಮ್ಮ ಬುತ್ತಿ ಡಬ್ಬಿಗೆ ಗಾಲಿ ಬಂದಂತೆ. ಭಾರ ಎಲ್ಲಿ ಬೀಳುತ್ತದೆ, ಎಷ್ಟು ಓರೆ ಮಾಡಿದರೆ ಮಗುಚುತ್ತದೆ ಎಂದು ನಾನು ಓದಿದ್ದನ್ನೆಲ್ಲ ಬಳಸಿ ಪರೀಕ್ಷಿಸುತ್ತಿದ್ದೆ. ಅಂಗಡಿಯ ಹುಡುಗಿ ವಿವರಿಸುತ್ತಿದ್ದುದು ಮಾತ್ರ ನಮ್ಮವರಿಗೆ. ಅವರು ಗಂಭೀರವಾಗಿ ತಲೆದೂಗಿ, ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ ಏನಾದರೊಂದು ತಪ್ಪು ತೆಗೆಯುವರು. ಕಪ್ಪು ಪೆಟ್ಟಿಗೆಗೆ, "ಇದರ ಬಾಯಿ ನೋಡು. ಮುಚ್ಚಿದ್ರ ತಗಿಯಾಕ ಬರೂದಿಲ್ಲ, ತಗದ್ರ ಮುಚ್ಚಾಕ ಬರೂದಿಲ್ಲ." ಹಳದಿಯದಕ್ಕೆ, "ಇಷ್ಟ ಹಳದಿ ಇದ್ರ ಕಳ್ಳ ಅಕ್ಸ್‌ಬ್ರಿಜ್‌ನಿಂದನ ನೋಡ್ತಾನ." ಅಲ್ಯೂಮಿನಿಯಂ ಪೆಟ್ಟಿಗೆಗೆ, "ಇದನ್ನ ಎಳಕೊಂಡ ಹೋದ್ರ ನೀ ಗಗನಸಖಿ ಕಂಡಂಗ ಕಾಣ್ತಿ. ಜನಾ ನಿನಗ ನೀರು ಕೇಳ್ತಾರ." ವಾರ ವಾರ ಅಂಗಡಿಗೆ ಹೋಗುವುದು, ಬರಿಗೈಲಿ ಬರುವುದು. ಮೂರು ಅಂಗಡಿಗಳಲ್ಲಿ ನಮ್ಮ ಮುಖ ಪರಿಚಯವಾಯಿತು.

ಒಂದು ಸಂಜೆ ಬಸ್ಸಿನಲ್ಲಿ ಮರಳುವಾಗ ನಾನು ಕೇಳಿಯೇಬಿಟ್ಟೆ. "ಅಲ್ರೀ, ನಿಮಗ ಬೇಕಾಗಿದ್ದು ಎಂಥಾದ್ದು?"

"ಗಾಲಿ ಇಲ್ಲದ್ದು" ಎಂದರು.

"ಗಾಲಿ ಸಂಬಂಧನ ಅಲ್ಲೇನ್ರಿ ತಗೋಳೂದು?"

ಅವರು ಕಿಟಕಿಯ ಹೊರಗೆ ನೋಡುತ್ತಲೇ, "ಗಾಲಿ ಬಂದ ಮ್ಯಾಲೆ ನನ್ನ ಕೆಲಸಾ ಏನ?" ಎಂದರು.

"ಏನೂ ಇಲ್ರಿ. ಆರಾಮ ಮನ್ಯಾಗ ಕೂಡ್ರಿ. ಟಿವಿ ನೋಡ್ರಿ" ಎಂದೆ. ಬಹಳ ಒಳ್ಳೆಯ ಸುದ್ದಿ ಕೊಟ್ಟೆ ಎಂದೇ ನನ್ನ ಎಣಿಕೆ. ಮುಂದಿನ ವಾರ ಅವರು ಕಣ್ಣಿಗೆ ಬಿದ್ದ ಮೊದಲ ಪೆಟ್ಟಿಗೆಗೇ, "ಭಾಳ ಛಲೋ ಐತಿ, ತಗೋ" ಎಂದರು. ಅಂತೂ ಬುದ್ಧಿ ಬಂತಲ್ಲ ಎಂದು ನಾನು ಹಿಗ್ಗಿದೆ.

ಖಾಲಿ ಪೆಟ್ಟಿಗೆ ಮನೆಯೊಳಗೆ ತರಬಾರದೆಂದು ಹೊಸ್ತಿಲಲ್ಲೇ ನಿಲ್ಲಿಸಿ ಅವರೇ ಒಂದು ಹಿಡಿ ಅಕ್ಕಿ, ಒಂದು ತುಂಡು ಬೆಲ್ಲ ಅದರೊಳಗಿಟ್ಟರು. ಗಾಲಿಗಳಿಗೂ ಕುಂಕುಮ ಬಿತ್ತು. ಸಾಮಾನನ್ನೆಲ್ಲ ಹಳೆಯ ಚೀಲದಿಂದ ತೆಗೆದು ಒಂದೊಂದನ್ನೇ ಅದರದರ ಖಾನೆಯಲ್ಲಿ ಜೋಡಿಸಿದರು. ಖಾನೆಗಳು ಅಳತೆಗೆ ಸರಿಯಾಗಿದ್ದುದರಿಂದ ಖಣಗಳಿಗೆ ಅಲ್ಲಿ ಜಾಗವಿರಲಿಲ್ಲ. ಅವುಗಳನ್ನು ಮಡಚಿ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು.

ಗಾಲಿ ಪೆಟ್ಟಿಗೆಯ ಮೊದಲ ಯಾತ್ರೆ ಕ್ಯಾನರಿ ವಾರ್ಫಿಗೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ, ಅವನ ಹೊಸ ಹೆಂಡತಿ. ಗಾಜಿನ ಕಟ್ಟಡದಲ್ಲಿ ಎತ್ತರದ ಫ್ಲ್ಯಾಟು. ನಾನೊಬ್ಬಳೇ ರಾಣಿಯಂತೆ ಪೆಟ್ಟಿಗೆ ಎಳೆದುಕೊಂಡು ಹೋದೆ. ಕೆಳಗೆ ಕೂತಿದ್ದ ಕಾವಲಿನವನು ಪೆಟ್ಟಿಗೆ ನೋಡಿ ನನ್ನನ್ನು ಕಸದ ಡಬ್ಬಿಗಳ ಪಕ್ಕದ ಸರಕು ಲಿಫ್ಟಿಗೆ ಕಳಿಸಿದ. ನಾನು ಊಟಕ್ಕೂ ಬಂದವಳಪ್ಪಾ ಎಂದು ಹೇಳುವುದರೊಳಗೆ ಬಾಗಿಲು ಮುಚ್ಚಿತು.

"ಅಂಕಲ್ ಬರ್ಲಿಲ್ವಾ ಆಂಟಿ?" ಬಾಗಿಲು ತೆರೆದ ಹುಡುಗಿಯ ಮೊದಲ ಮಾತು. "ಬೆನ್ನು ನೋವಮ್ಮ. ಮತ್ತೆ ಈಗ ಗಾಲಿ ಇದೆಯಲ್ಲ" ಎಂದೆ. ಅವಳ ಮುಖ ಸಣ್ಣದಾಯಿತು.

ಶೆಲ್ಫಿನ ಕೆಲಸ ಶುರುಮಾಡಿದೆ. ಹುಡುಗ ನನ್ನ ಹೆಗಲ ಮೇಲೆ ಗದ್ದ ಇಡುವುದೊಂದು ಬಾಕಿ, ಅಷ್ಟು ಹತ್ತಿರ ನಿಂತ. "ಆಂಟಿ, ಇನ್ನೊಂಚೂರು ಎಡಕ್ಕೆ. ಇಂಟರ್‌ನೆಟ್ಟಲ್ಲಿ ಬೇರೆ ಥರ ಹೇಳಿದ್ರು." ಹುಡುಗಿ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ನನ್ನ ಮೊಣಕೈಗೇ ಹಿಡಿದು, "ಧೂಳು ಸೋಫಾಗೆ ಹಾರಲ್ಲ ಅಲ್ವಾ?" ಎನ್ನುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಯಾವ ಮನೆಯಲ್ಲೂ ನನ್ನ ಬೆನ್ನ ಹಿಂದೆ ಹೀಗೆ ಯಾರೂ ನಿಂತಿರಲಿಲ್ಲ. ಆ ಮನೆಗಳವರೆಲ್ಲ ಇವರ ಮಾತಿಗೆ ಪಕ್ಕದ ಕೋಣೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅದಕ್ಕೆ ನಾನು ಇಟ್ಟಿದ್ದ ಹೆಸರು, ಇವರು ಚಹಾ ಕುಡಿಯುತ್ತ ಕೂರುವುದು.

ಕೊರೆದ ತೂತಿಗೆ ಪ್ಲಗ್ಗು ಬಡಿದು, ಗೋಡೆಯಿಂದ ಕಣ್ಣು ತೆಗೆಯದೆ, ರೂಢಿಯಂತೆ ಕೈ ಹಿಂದೆ ಚಾಚಿ, "ಕ್ರೋಯ್ಡನ್ ಕೊಡ್ರಿ" ಎಂದೆ.

ಕೈಗೆ ಏನೂ ಬರಲಿಲ್ಲ. "ಕ್ರೋಯ್ಡನ್ ಅಂದ್ರೆ ಏನು ಆಂಟಿ?" ಎಂದ ಹುಡುಗ, ಬಹಳ ಕಾಳಜಿಯಿಂದ.

ಶೆಲ್ಫೇನೋ ನಿಂತಿತು, ಊಟವೂ ಆಯಿತು. ಟ್ಯೂಬಿನಲ್ಲಿ ಮರಳುವಾಗ ಎದುರಿನ ಕಿಟಕಿಯ ಮೇಲೆ ಗೊರಕೆ ನಿಲ್ಲಿಸುವ ಔಷಧಿಯ ಜಾಹೀರಾತು ಇತ್ತು. ಅದನ್ನು ವಿಜಾಪುರದ ಭಾಷೆಯಲ್ಲಿ ಹೇಗೆ ಹೇಳಬಹುದೆಂದು ಬಾಂಡ್ ಸ್ಟ್ರೀಟ್ ಬರುವ ತನಕ ಯೋಚಿಸಿದೆ. ನನ್ನ ಅನುವಾದದಲ್ಲಿ ಅದು ಗೊರಕೆ ನಿಲ್ಲಿಸುವ ಔಷಧಿಯಾಗಿಯೇ ಉಳಿಯಿತು. ಪೆಟ್ಟಿಗೆ ಎದುರಿಗೆ ಚೊಕ್ಕವಾಗಿ ನಿಂತಿತ್ತು. ಅದನ್ನು ಯಾರೂ ತೊಡೆಯ ಮೇಲೆ ಕೂರಿಸಿಕೊಳ್ಳುವ ಅಗತ್ಯವಿರಲಿಲ್ಲ.

ಮನೆಗೆ ಬಂದೆ. ಇವರು ಟಿವಿ ನೋಡುತ್ತಿದ್ದರು; ನೋಡುತ್ತಿದ್ದದ್ದು ತೋಟಗಾರಿಕೆಯ ಕಾರ್ಯಕ್ರಮ, ನಮಗೆ ಒಂದು ಕುಂಡವೂ ಇಲ್ಲ. "ಹೆಂಗಾತು?" ಎಂದರು, ತಿರುಗದೆ.

ನೀವಿಲ್ಲದೆ ಆಗಲಿಲ್ಲ ಎಂದು ಹೇಳಲು ನನ್ನ ನಾಲಿಗೆಗೆ ಬರಲಿಲ್ಲ. ಬೇಕಾದರೆ ಅದನ್ನು ಸಮೀಕರಣವಾಗಿ ಬರೆದು ತೋರಿಸುತ್ತಿದ್ದೆನೇನೋ. ಶೂ ಬಿಚ್ಚುತ್ತ, "ಪೆಟ್ಟಿಗಿ ಸರಿ ಇಲ್ರಿ" ಎಂದೆ.

ಟಿವಿಯ ಸದ್ದು ಸಣ್ಣದಾಯಿತು. "ಏನಾಗೈತಿ?"

"ಗಾಲಿ ಬಿಗಿಯಾಗಿ ತಿರುಗ್ತಾವು. ಎಸ್ಕಲೇಟರ್ ಹತ್ತಸೂಮುಂದ ಒಬ್ಬಾಕಿ ಕೈಲೇ ಆಗೂದಿಲ್ಲ. ಎಳ್ಯಾಕ ಇನ್ನೊಬ್ರು ಬೇಕು. ಭಾರ ಎತ್ತೂದ ಏನಿಲ್ಲ, ಸುಮ್ಮನ ಎಳ್ಯಾಕ."

ಅವರು ಎದ್ದು ಬಂದು ಕನ್ನಡಕ ಹಾಕಿಕೊಂಡರು. ಪೆಟ್ಟಿಗೆಯನ್ನು ಮೆಲ್ಲಗೆ ಓರೆ ಮಾಡಿ, ಒಂದು ಗಾಲಿಯನ್ನು ಕಿರುಬೆರಳಿನಿಂದ ಮುಟ್ಟಿದರು. ಅದು ತಿರುಗತೊಡಗಿತು. ಬೆಣ್ಣೆಯಲ್ಲಿ ತಿರುಗಿದ ಹಾಗೆ, ಒಂದಿಷ್ಟೂ ಸದ್ದಿಲ್ಲದೆ. ಇಬ್ಬರೂ ಅದನ್ನೇ ನೋಡುತ್ತ ನಿಂತೆವು.

"ಹೌದ ಬಿಡು" ಎಂದರು ನಮ್ಮವರು. "ಭಾಳ ಬಿಗಿ ಐತಿ."

ಗಾಲಿ ಇನ್ನೂ ತಿರುಗುತ್ತಲೇ ಇತ್ತು. ಅದು ನಿಂತರೆ ಸಾಕಪ್ಪಾ ಎಂದು ಕಾಯುತ್ತ ನಾನು ಕಾಲ್ಚೀಲ ಬಿಚ್ಚುವುದರಲ್ಲಿ ಬಹಳ ಮಗ್ನಳಾದೆ.