ಸಿಪಾಯಿ ಕೋಟಿನ ಹೊಟ್ಟೆಕಿಚ್ಚು

ಹೊಟ್ಟೆಕಿಚ್ಚು ನನ್ನ ಸ್ವಭಾವವಲ್ಲವೆಂದು ಬಹಳ ಕಾಲ ನಂಬಿದ್ದೆ. ನೆರೆಮನೆಯವರು ಮಹಡಿ ಕಟ್ಟಿಸಿದಾಗ ನನಗೆ ನಿದ್ದೆ ಚೆನ್ನಾಗಿಯೇ ಬಂದಿತ್ತು. ಷಡ್ಡಕನಿಗೆ ಅಮಲ್ದಾರಿಕೆ ಆದಾಗ ಊಟವೂ ಸೇರಿತ್ತು. ಆದರೆ ಮುಳಬಾಗಿಲಿನ ಪೋಸ್ಟ್ ಮಾಸ್ಟರು ಶೇಷಗಿರಿರಾಯರ ಪಡಸಾಲೆಯ ಗೂಟಗಳಲ್ಲಿ ಒಂಬತ್ತು ಹಳೆಯ ಸಿಪಾಯಿ ಕೋಟುಗಳು ಸಾಲಾಗಿ ತೂಗುತ್ತಿದ್ದುದನ್ನು ಕಂಡ ದಿನ, ಅವರು ಕೊಟ್ಟ ಕಾಫಿ ಗಂಟಲಲ್ಲೇ ನಿಂತಿತು. ಏಕೆಂದರೆ ನನ್ನ ಹತ್ತಿರ ಇದ್ದದ್ದು ನಾಲ್ಕೇ.

ಮಿಡ್ಲ್ ಸ್ಕೂಲ್ ಮೇಷ್ಟರಿಗೆ ಇದೆಂಥ ಚಟ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಕೇಳುತ್ತಿದ್ದಳು, ಇಷ್ಟು ಮರ್ಯಾದೆಯಿಂದಲ್ಲ. "ಉಡೋಕೆ ನೆಟ್ಟಗಿರೋ ಪಂಚೆ ಇಲ್ಲ, ಯಾರ್ದೋ ಕೋಟಿಗೆ ಪೆಟ್ಟಿಗೆ ಬೇರೆ!" ಹಿಂದಿನ ಮಹಾಯುದ್ಧ ಮುಗಿದು ಹದಿನೈದಿಪ್ಪತ್ತು ವರ್ಷವಾಗಿತ್ತು. ಅಲ್ಲಿಗೆ ಹೋಗಿಬಂದವರ ಕೋಟುಗಳು ಹಳೇಬಟ್ಟೆ ಮಾರುವ ಖಾದರ್ ಸಾಬರ ಗಂಟಿನಲ್ಲಿ ಸಂತೆಗೆ ಬರುತ್ತಿದ್ದವು. ಕಾಲರಿನ ಒಳಗಡೆ ಸಿಪಾಯಿಯ ಹೆಸರು, ಊರು ಮಸಿಯಲ್ಲಿ ಇರುತ್ತಿದ್ದವು. ಅದರ ಜಾಡು ಹಿಡಿದು ಆ ಮನುಷ್ಯನನ್ನು ಪತ್ತೆ ಹಚ್ಚಿ, ಅವನ ಕಥೆ ಬರೆದುಕೊಳ್ಳುವುದು ರಾಯರ ಮತ್ತು ನನ್ನ ಹವ್ಯಾಸ. ನಾನು ಸೈಕಲ್ ತುಳಿದು ಶ್ರೀನಿವಾಸಪುರ, ಮಾಲೂರು ಅಂತ ಅಲೆದು, ಊರೂರ ನಾಯಿಗಳಿಂದ ಅಟ್ಟಿಸಿಕೊಳ್ಳುತ್ತಿದ್ದೆ. ರಾಯರಿಗೆ ಆ ಕಷ್ಟವೇ ಇಲ್ಲ. ಪಿಂಚಣಿಗಾಗಿ ಸಿಪಾಯಿಗಳೇ ಬಂದು ಅವರ ಕಿಟಕಿಯ ಮುಂದೆ ಕ್ಯೂ ನಿಲ್ಲುತ್ತಿದ್ದರು! ಇದು ಬೇಟೆಯೇ? ನೀವೇ ಹೇಳಿ.

ಒಂದು ಸಂತೆಯ ದಿನ ಖಾದರ್ ಸಾಬರ ಗಂಟಿನಿಂದ ಹಿತ್ತಾಳೆ ಗುಂಡಿಯ ಖಾಕಿ ಕೋಟೊಂದು ಇಣುಕಿತು. ಕಾಲರಿನಲ್ಲಿ 'ಮುನಿವೆಂಕಟಪ್ಪ, ತಾಯಲೂರು' ಎಂದಿತ್ತು. "ಅದು ಪೋಸ್ಟ್ ಮಾಸ್ಟರ್ ಸಾಬ್‌ಗೆ ಅಂತ ಎತ್ತಿಟ್ಟಿದೀನಿ ಮೇಷ್ಟ್ರೇ" ಎಂದರು. ಅಷ್ಟು ಸಾಕಾಯಿತು. ದುಡ್ಡನ್ನು ಅವರ ಮುಂದಿಟ್ಟು, ಕೋಟನ್ನು ಕೈಯಿಂದ ಕಿತ್ತುಕೊಂಡೇ ಬಂದೆ. ಭಾನುವಾರ ಯಾರಿಗೂ ಹೇಳದೆ ತಾಯಲೂರಿಗೆ ಹೊರಟೆ.

ಮುನಿವೆಂಕಟಪ್ಪ ಜಗಲಿಯ ಮೇಲೆ ಕೂತು ಎತ್ತಿನ ಹಗ್ಗ ಹೊಸೆಯುತ್ತಿದ್ದ. ಕೋಟು ಕಂಡವನೇ ಎದ್ದು ನಿಂತ. "ಇದು ಎಲ್ಲಿ ಸಿಕ್ತು ಸಾಮಿ? ನಮ್ಮ ಬಾಮೈದ ಪಾತ್ರೆಯೋನಿಗೆ ಕೊಟ್ಟು ಒಂದು ಚೊಂಬು ತಗೊಂಡ್ಬಿಟ್ಟಿದ್ದ!" ತೊಟ್ಟುಕೊಂಡ, ಹೊಟ್ಟೆಯ ಹತ್ತಿರ ಗುಂಡಿ ಕೂಡಲಿಲ್ಲ. ಅವನ ಹೆಂಡತಿ ಹೊರಗೆ ಬಂದವಳು, "ಅಯ್ಯೋ ದೇವುಡಾ!" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. "ಮದ್ವೇಗೂ ಇದನ್ನೇ ಹಾಕ್ಕೊಂಡ್ ಬಂದಿದ್ದ. ಕುದ್ರೆ ನಾತ ಹೊಡೀತಿತ್ತು."

ಎಷ್ಟು ಜನ ಶತ್ರುಗಳನ್ನು ಕೊಂದೆ ಎಂದು ಪೆನ್ಸಿಲ್ ಹಿಡಿದು ಕೇಳಿದೆ.

"ನಾನ್ಯಾರನ್ನ ಕೊಲ್ಲಲಿ ಸಾಮಿ, ಕುದ್ರೆ ನೋಡ್ಕೊಳ್ತಿದ್ದೆ. ದಂಡಿನ ಜೊತೆ ಹೋಗಿದ್ದ ಆ ಮರಳುಗಾಡಲ್ಲಿ ನೀರಿಲ್ದೆ ನನ್ನ ಕುದ್ರೆ ಬಿದ್ದೋಯ್ತು. ಪ್ರಾಣ ಹೋಗೋಗಂಟ ಈ ಕೋಟು ಹೊದಿಸಿ ಕೂತಿದ್ದೆ." ಆಮೇಲೆ ಕೋಟನ್ನು ಬಿಚ್ಚಿ, ಮಡಿಸಿ, ನನ್ನ ಕೈಗಿಟ್ಟ. "ನೀವು ಕಾಸು ಕೊಟ್ಟು ತಗೊಂಡಿದ್ದು ಸಾಮಿ, ನಿಮ್ದೇ. ಪೋಸ್ಟ್ ಮಾಸ್ಟ್ರು ಎರಡು ಸಲ ಕೇಳಿದ್ರು, ಕೋಟಿದ್ರೆ ಕೊಡೋ ಅಂತ. ಇದ್ದಿದ್ರೂ ಕೊಡ್ತಿರ್ಲಿಲ್ಲ."

ನನ್ನ ಕಣ್ಣು ಒದ್ದೆಯಾದದ್ದು ನಿಜ. ಆದರೆ ಅದಕ್ಕೂ ಮುಂಚೆ ತಲೆಗೆ ಹೊಳೆದದ್ದನ್ನೂ ಹೇಳಿಬಿಡುತ್ತೇನೆ: ನಾನು ಸತ್ತ ಮಾರನೆಯ ದಿನವೇ ನನ್ನ ಹೆಂಡತಿ ಈ ಕೋಟನ್ನು ರಾಯರಿಗೆ ದಾನ ಮಾಡುತ್ತಾಳೆ. ಇವನ ಮನೆಯಲ್ಲಿದ್ದರೆ ರಾಯರಿಗೆ ಏಳೇಳು ಜನ್ಮಕ್ಕೂ ಸಿಗುವುದಿಲ್ಲ. "ಇಟ್ಕೊಳಪ್ಪಾ, ನಿನ್ನದು ನಿನಗೇ ಇರಲಿ" ಎಂದೆ.

ಸುದ್ದಿ ಮುಳಬಾಗಿಲಿಗೆ ನನ್ನ ಸೈಕಲ್ಲಿಗಿಂತ ಮುಂಚೆ ಮುಟ್ಟಿತು. ಹೆಡ್ ಮೇಷ್ಟರು ಪ್ರಾರ್ಥನೆಯ ವೇಳೆ ಮಕ್ಕಳಿಗೆ ನನ್ನ ತ್ಯಾಗದ ಬಗ್ಗೆ ಹೇಳಿದರು. ಖಾದರ್ ಸಾಬರು ಎದ್ದು ನಿಂತು ಸಲಾಂ ಮಾಡಿದರು. ರಾಯರು ಮಾತ್ರ ನನಗೆ ತಲೆಯೆತ್ತದೆ ಸ್ಟ್ಯಾಂಪು ಮಾರಿದರು. ಆ ಒಂದು ತಿಂಗಳು ನಾನು ಅನುಭವಿಸಿದ ಸುಖ ಯಾವ ಕೋಟೂ ಕೊಟ್ಟಿರಲಿಲ್ಲ.

ಮುಂದಿನ ತಿಂಗಳು ರಾಯರು ಅಮಲ್ದಾರರ ಅಧ್ಯಕ್ಷತೆಯಲ್ಲಿ ಸಭೆ ಕರೆದು, ಓಲಗ ಊದಿಸಿ, ಒಂಬತ್ತೂ ಕೋಟುಗಳನ್ನು ಒಂಬತ್ತು ಸಿಪಾಯಿಗಳಿಗೆ ಹಿಂತಿರುಗಿಸಿದರು. ಹಾರ ಅವರ ಕಿವಿಯವರೆಗೂ ಬಂದಿತ್ತು. ವಂದನಾರ್ಪಣೆಗೆ ನನ್ನನ್ನೇ ನಿಲ್ಲಿಸಿದರು.

ಮನೆಗೆ ಬಂದು ಪೆಟ್ಟಿಗೆ ತೆರೆದು ಕೂತೆ. "ಇನ್ನೂ ನಾಲ್ಕಿವೆಯಲ್ಲ, ನೀವೂ ಕೊಟ್ಟುಬಿಡಿ" ಎಂದಳು ಹೆಂಡತಿ. ಕೊಡುವುದು ಯಾರಿಗೆ? ನಾಲ್ವರನ್ನೂ ಹುಡುಕಿಕೊಂಡು ಹೋಗಿದ್ದೆ, ನಾಲ್ವರೂ ತೀರಿಕೊಂಡಿದ್ದರು. ಆ ಸಿಪಾಯಿಗಳ ಮೇಲೆ ನನಗೆ ಅಂದು ಮೊದಲ ಬಾರಿಗೆ ಕೋಪ ಬಂತು. ಅಷ್ಟು ದೊಡ್ಡ ಯುದ್ಧದಿಂದ ಬದುಕಿ ಬಂದವರು, ಇನ್ನೊಂದೆರಡು ವರ್ಷ ಇದ್ದಿದ್ದರೆ ಅವರ ಗಂಟೇನು ಹೋಗುತ್ತಿತ್ತು?