ಸಮದೃಷ್ಟಿ ಯಂತ್ರವೂ ಒಂಟಿ ಬುಗುಡಿಯೂ

"ನೋಡಮ್ಮ ವಿಶಾಲಾ, ಟೀವಿ ಒಂದು, ಚಿತ್ರ ಎರಡು. ಎಡಗಡೆ ಕೇಬಲ್ ಬಾಕ್ಸಿಂದು, ಬಲಗಡೆ ಟೀವಿ ಒಳಗಿನ ಟ್ಯೂನರಿಂದು. ಎರಡೂ ಎಚ್‌ಡಿ. ಯಾವುದು ಚೆನ್ನಾಗಿದೆ ಹೇಳು."

ನಮ್ಮ ಪಂಚಾಕ್ಷರಿ ಭಾವ ರಿಮೋಟನ್ನು ಮೇಷ್ಟ್ರ ಬೆತ್ತದ ಹಾಗೆ ಹಿಡಿದು ಕೇಳಿದರು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಎರಡು ಕಡೆಯೂ ಅದೇ ಹೆಂಗಸು ಅದೇ ಸೋಪು ಹಿಡಿದು ನಗುತ್ತಿದ್ದಳು.

"ಎರಡೂ ಒಂದೇ ಥರ ಕಾಣ್ತವಲ್ಲ ಭಾವ."

ಭಾವನ ಮುಖ ಸಪ್ಪಗಾಯಿತು. ನಾನು ಹಾಗೆ ಹೇಳಬಾರದಿತ್ತು. ಅವರಂಥ ತಲೆ ನಮ್ಮ ತಿಪಟೂರಿನಲ್ಲಿ ಇನ್ನೊಂದಿಲ್ಲ, ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಕೊಬ್ಬರಿ ಒಣಗಿದೆಯೋ ಇಲ್ಲವೋ ಎಂದು ಅಲುಗಾಡಿಸಿ ಹೇಳುವ ಯಂತ್ರ ಮಾಡಿದವರು ಅವರು. ಅದು ಕೊಬ್ಬರಿ ಬಿಟ್ಟು ಮಂಡಿ ಸಾಹುಕಾರರನ್ನು ಹಿಡಿದು ಅಲುಗಾಡಿಸಿದ್ದು ಬೇರೆ ಮಾತು. ಸಾಹುಕಾರರ ಸೊಂಟನೋವು ಅವತ್ತಿನಿಂದ ವಾಸಿಯಾಗಿದೆ.

ಈಗಿನ ಜಗಳ ಶುರುವಾಗಿದ್ದು ಹೊಸ ಟೀವಿಯಿಂದ. ಅದರ ಹೊಟ್ಟೆಯೊಳಗೇ ಟ್ಯೂನರ್ ಇದೆ, ಮಾಳಿಗೆಯ ಮೇಲೆ ಒಂದು ಡಿಶ್ ಇಟ್ಟರೆ ಸಾಕು ಎಂದು ಭಾವ. ಕೇಬಲ್ ಬಾಕ್ಸಿನ ಚಿತ್ರದ ಮುಂದೆ ಅದೆಲ್ಲ ಮಂಜು ಎಂದು ನಮ್ಮ ಯಜಮಾನರು. ಅಣ್ಣತಮ್ಮಂದಿರು ಊಟದ ತಟ್ಟೆ ಮುಂದೆಯೂ ಇದನ್ನೇ ಹರಟಿದರು. ನಮ್ಮತ್ತೆ ಹಾಲಮ್ಮನವರು ಎರಡು ದಿನ ಸಹಿಸಿಕೊಂಡರು, ಆಮೇಲೆ ಗದರಿದರು.

"ಯಾವ್ದೋ ಒಂದು ಸಾಯ್ಲಿ. ಭಾನುವಾರ ಬೆಳಿಗ್ಗೆ ನನಗೆ ಮರುಳಿ ಕಿವಿ ಕಾಣ್ಬೇಕು, ಅಷ್ಟೇ."

ಮರುಳಿ ಎಂದರೆ ಮರುಳಮ್ಮ, ಅತ್ತೆಯ ಒಬ್ಬಳೇ ತಂಗಿ, ಅರಸೀಕೆರೆಯಲ್ಲಿದ್ದಾರೆ. ಇವರ ತಾಯಿ ತೀರಿಕೊಂಡಾಗ ಉಳಿದದ್ದು ಒಂದು ಜೊತೆ ಬುಗುಡಿ, ಕೆಂಪು ಹರಳಿನದು. ಕಿವಿಯ ಮೇಲಂಚಿಗೆ ಹಾಕುವ ಒಡವೆ. ಇಬ್ಬರೂ ಬಿಟ್ಟುಕೊಡಲಿಲ್ಲ, ಒಬ್ಬೊಬ್ಬರು ಒಂದೊಂದು ಇಟ್ಟುಕೊಂಡರು, ಮಾತು ಬಿಟ್ಟರು. ಆಮೇಲೆ ಯಾರೋ ಬಂದು, ಮರುಳಮ್ಮ ತನ್ನದನ್ನು ಕರಗಿಸಿ ಉಂಗುರ ಮಾಡಿಸಿಕೊಂಡಳಂತೆ ಎಂದು ಕಡ್ಡಿ ಗೀರಿ ಹೋದರು. ಈಗ ಅದೇ ಮರುಳಮ್ಮ ಹಾಡಿದ ಸೋಬಾನೆ ಪದ, ಹೋದ ತಿಂಗಳೇ ಚಿತ್ರೀಕರಿಸಿಕೊಂಡದ್ದು, ಈ ಭಾನುವಾರ ಸರ್ಕಾರಿ ಚಾನೆಲ್ಲಿನಲ್ಲಿ ಬರಲಿತ್ತು.

"ಕಿವೀಲಿ ಬುಗುಡಿ ಇದ್ರೆ ನಾನೇ ಮಾತಾಡಿಸ್ತೀನಿ," ಎಂದರು ಅತ್ತೆ. "ಕರಗಿಸಿದ್ರೆ ನನಗೆ ತಂಗಿ ಇಲ್ಲ."

ಭಾವನಿಗೆ ಇಷ್ಟು ಸಾಕಾಯಿತು. ಹಳೇ ಮಿಕ್ಸಿಯ ಮೈ, ಎರಡು ತೆಂಗಿನ ಚಿಪ್ಪು, ಕೈಗೆ ಸಿಕ್ಕ ವೈರು ಎಲ್ಲಾ ಸೇರಿಸಿ ಶನಿವಾರದೊಳಗೆ 'ಸಮದೃಷ್ಟಿ ಯಂತ್ರ' ಮಾಡಿಬಿಟ್ಟರು. ಬಾಕ್ಸಿನ ಚಿತ್ರ, ಟ್ಯೂನರಿನ ಚಿತ್ರ ಎರಡನ್ನೂ ಅದು ಹೋಲಿಸಿ ನೋಡುತ್ತದೆ. ಎಲ್ಲಿ ಹೊಳಪು ಹೆಚ್ಚೋ ಆ ಭಾಗವನ್ನು ಆರಿಸಿ, ಎರಡನ್ನೂ ಹೊಲಿದು ಒಂದೇ ಚಿತ್ರ ಮಾಡುತ್ತದೆ. ಎಂಥ ಯೋಚನೆ ನೋಡಿ!

ಭಾನುವಾರ ಅತ್ತೆ ತಲೆಗೆ ನೀರು ಹಾಕಿಕೊಂಡು ಬಂದು ಟೀವಿ ಮುಂದೆ ಕೂತರು. ಯಂತ್ರ ಗುರ್ ಎಂದಿತು. ಮರುಳಮ್ಮ ಬಂದರು, ಬಾಯಿ ತೆರೆದರು, ಇನ್ನೊಂದು ಬಾಯಿಯೂ ತೆರೆಯಿತು.

"ಅಣ್ಣಾ, ಚಿಕ್ಕಮ್ಮಂಗೆ ಎರಡು ಬಾಯಿ," ಎಂದರು ನಮ್ಮವರು.

"ನಿನ್ನ ಕೇಬಲ್ ಬಾಕ್ಸು ಸೋಮಾರಿ ಕಣೋ. ಟ್ಯೂನರಿಗಿಂತ ನಾಲ್ಕು ಸೆಕೆಂಡು ಹಿಂದೆ ಬರ್ತದೆ. ತಾಳು."

ಭಾವ ಏನೋ ತಿರುಗಿಸಿದರು. ಬಾಯಿ ಹೆಚ್ಚುಕಡಿಮೆ ಒಂದಾಯಿತು, ಒಂದು ಚೂರು ಹಿಂದುಮುಂದು ಉಳಿಯಿತು. ಆದರೆ ಮರುಳಮ್ಮ ಹಾಡುವಾಗ ತಲೆಯನ್ನು ಅತ್ತಿತ್ತ ತೂಗುತ್ತಿದ್ದರು. ಬಾಕ್ಸಿನಲ್ಲಿ ಬಲಗಿವಿ ಹೊಳೆಯಿತು, ಟ್ಯೂನರಿನಲ್ಲೂ ಹೊಳೆಯಿತು, ಒಂದೊಂದು ಒಂದೊಂದು ಜಾಗದಲ್ಲಿ. ಯಂತ್ರ ಎರಡನ್ನೂ ಆರಿಸಿ ಹೊಲಿಯಿತು. ಎರಡು ಕಿವಿಯಲ್ಲೂ ಕೆಂಪು ಹರಳಿನ ಬುಗುಡಿ ಮಿನುಗಿದವು.

ಅತ್ತೆಯ ಮುಖ ಬಿಳಿಚಿಕೊಂಡಿತು. "ಜೊತೆ ಮಾಡಿಸ್ಕೊಂಡಿದಾಳೆ. ನನ್ನ ಹತ್ರ ಇರೋದು ಇನ್ಯಾತಕ್ಕೂ ಬೇಡ ಅಂತ. ಪಂಚಾಕ್ಷರಿ, ಅವಳಿಗೆ ಫೋನ್ ಹಾಕು."

ಭಾವ ಹಾಕಿಕೊಟ್ಟರು. ಅತ್ತೆ ಹಲೋ ಕೂಡ ಅನ್ನಲಿಲ್ಲ.

"ಏನೇ, ಅವ್ವನ ಬುಗುಡಿಗೆ ನಕಲಿ ಜೊತೆ ಮಾಡಿಸಿ ಮೆರೀತಿದೀಯಾ? ಊರೆಲ್ಲ ನೋಡ್ಲಿ ಅಂತಾನಾ?"

"ಯಾವ ಜೊತೇನೇ ಅಕ್ಕ? ಕಣ್ಣು ಮಂಜಾಗಿದೆಯಾ ನಿಂಗೆ?"

"ನನ್ನ ಕಣ್ಣಿಗೇನಾಗಿದೆ, ಎಚ್‌ಡೀಲಿ ನೋಡ್ತಿದೀನಿ!"

ಅಷ್ಟರಲ್ಲಿ ಯಂತ್ರಕ್ಕೆ ಬುಗುಡಿಯ ರುಚಿ ಹತ್ತಿತ್ತು. ಚಿತ್ರದಲ್ಲಿ ಅದಕ್ಕಿಂತ ಹೊಳೆಯುವ ವಸ್ತು ಇಲ್ಲ ಎಂದು ತಿಳಿದು, ಇಲ್ಲದ ಕಡೆಗೆಲ್ಲ ಹೊಲಿಯತೊಡಗಿತು. ಢೋಲಕ್ ಬಾರಿಸುವವರ ಮೀಸೆಯ ಪಕ್ಕ ಬುಗುಡಿ. ಮೈಕಿಗೆ ಬುಗುಡಿ. ಮಧ್ಯೆ ಪಶು ಆಹಾರದ ಜಾಹೀರಾತು ಬಂತು, ಎಮ್ಮೆ ಎರಡು ಕಿವಿಗೂ ಬುಗುಡಿ ಹಾಕಿಕೊಂಡು ನಮ್ಮನ್ನು ಗಂಭೀರವಾಗಿ ನೋಡಿತು.

ಅತ್ತೆಯ ಬೈಗುಳ ಅರ್ಧಕ್ಕೇ ನಿಂತಿತು. "ಪಂಚಾಕ್ಷರಿ, ಎಮ್ಮೆಗೂ ಮಾಡಿಸಿದಾಳೇನೋ?"

"ಅಮ್ಮಾ, ಅದು... ಯಂತ್ರ ಸ್ವಲ್ಪ ಧಾರಾಳ."

"ತೆಗೆಯೋ ಅದನ್ನ!"

ನಮ್ಮವರು ಯಂತ್ರದ ವೈರು ಕಿತ್ತರು, ತಮ್ಮ ಪ್ರೀತಿಯ ಬಾಕ್ಸ್ ಹಾಕಿದರು. ಚಿತ್ರವನ್ನು ಅದು ಹಿಗ್ಗಿಸಿ ಅಂಚು ಕತ್ತರಿಸಿತ್ತು. ಮರುಳಮ್ಮನ ಎಡಗಿವಿ ಟೀವಿಯಿಂದ ಆಚೆ ಉಳಿದಿತ್ತು. ಭಾವ ರಿಮೋಟ್ ಕಸಿದು ಟ್ಯೂನರಿಗೆ ತಿರುಗಿಸಿದರು. ಕೊನೆಯ ಪದ ನಡೆಯುತ್ತಿತ್ತು. ಪೂರ್ತಿ ಮುಖ ಬಂತು, ಕೆನ್ನೆಯ ಸುಕ್ಕೂ ಸೇರಿ. ಬಲಗಿವಿಯಲ್ಲಿ ಒಂದು ಬುಗುಡಿ. ಎಡಗಿವಿಯಲ್ಲಿ ಬರೀ ತೂತು.

ಫೋನು ಇನ್ನೂ ಅತ್ತೆಯ ಕೈಯಲ್ಲೇ ಇತ್ತು.

"ನೋಡಿದ್ಯಾ ಅಕ್ಕ?" ಎಂದಿತು ಆ ಕಡೆಯ ದನಿ. "ಒಂಟಿ ಬುಗುಡಿ ಹಾಕ್ಕೊಂಡು ಬಂದ್ರೆ ಎಲ್ಲಾ ನಗ್ತಾರೆ ಅಂದ್ರು ನಮ್ಮ ಹಾಡಿನ ಮಂಡಳಿಯೋರು. ನಗ್ಲಿ ಬಿಡಿ ಅಂದೆ. ನೀನು ನೋಡ್ತೀಯಲ್ಲ ಅಂತ."

ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟರು. ಎದ್ದು ಒಳಗೆ ಹೋದರು. ಬಂದಾಗ ಅವರ ಎಡಗಿವಿಯಲ್ಲಿ ಕೆಂಪು ಹರಳು ಇತ್ತು, ಕಣ್ಣು ಒದ್ದೆಯಾಗಿತ್ತು. ನನಗೂ ಅಳು ಬಂತು, ಸುಳ್ಳೇಕೆ ಹೇಳಲಿ. "ಮಧ್ಯಾಹ್ನದ ಟ್ರೇನಿಗೆ ಬಾರೇ, ಹೋಳಿಗೆ ಮಾಡಿಸ್ತೀನಿ," ಎಂದರು ಫೋನಿಗೆ. ಮಾಡುವವಳು ನಾನು.

ಮರುಳಮ್ಮ ಬಂದರು. ಹೋಳಿಗೆ ಆರುವ ಮುಂಚೆಯೇ ಮತ್ತೆ ಜಗಳ ಶುರು.

"ನೀನು ಹಿರಿಯಳು, ನೀನೇ ಜೊತೆ ಇಟ್ಕೋ."

"ಹಾಡೋಳು ನೀನು, ನಿನಗೇ ಇರ್ಲಿ."

ಅಕ್ಕ ತನ್ನದನ್ನು ಬಿಚ್ಚಿ ತಂಗಿಯ ಕೈಗೆ ತುರುಕಿದರು. ತಂಗಿ ತನ್ನದನ್ನು ಬಿಚ್ಚಿ ಅಕ್ಕನ ಕೈಗೆ ತುರುಕಿದರು. ಇಬ್ಬರೂ ಸೋಲಲಿಲ್ಲ. ಸಂಜೆ ಮರುಳಮ್ಮ ಟ್ರೇನಿಗೆ ಹೊರಟಾಗ ಅಕ್ಕನ ಬುಗುಡಿ ತಂಗಿಯ ಹತ್ತಿರ, ತಂಗಿಯದು ಅಕ್ಕನ ಹತ್ತಿರ. ಮತ್ತೆ ಒಬ್ಬೊಬ್ಬರಿಗೆ ಒಂದೊಂದೇ.

ಭಾವ ಯಂತ್ರ ಬಿಚ್ಚಿಟ್ಟರು. ಆದರೂ ಅದರ ಗುಣ ಟೀವಿಗೆ ಅಂಟಿಕೊಂಡಿತು. ನಮ್ಮ ಮನೆಯಲ್ಲಿ ಈಗಲೂ ವಾರ್ತೆ ಓದುವವರು ಬುಗುಡಿ ಹಾಕಿಕೊಂಡೇ ಓದುತ್ತಾರೆ, ಬಾಕ್ಸ್ ಹಾಕಿದರೂ ಅಷ್ಟೇ, ಟ್ಯೂನರ್ ಹಾಕಿದರೂ ಅಷ್ಟೇ.

ಮೊನ್ನೆ ಭಾವ ಬಹಳ ಹೊತ್ತು ಅದನ್ನು ನೋಡಿ, ನಿಟ್ಟುಸಿರು ಬಿಟ್ಟು, ನನಗೆ ಹೇಳಿದರು:

"ನೀನು ಹೇಳಿದ್ದೇ ಸರಿ ವಿಶಾಲಾ. ಎರಡೂ ಒಂದೇ ಥರ ಕಾಣ್ತವೆ."